ವಾಸ್ತುಶಿಲ್ಪಿ ದೋಶಿಯವರ ವಿದ್ಯಾಭ್ಯಾಸ

ಪರಭಾಷೆಯಲ್ಲಿ ಪಳಗದವನಿಗೆ ಉನ್ನತ ವಿದ್ಯೆ ದಕ್ಕದೆಂಬ ಅಳುಕು ಮುಂಬಯಿಯ ಕನ್ನಡ ಶಾಲೆಗಳ ಮಕ್ಕಳಲ್ಲಿ ಬೇರೂರಿದೆ. ತಂದೆತಾಯಿಗಳಲ್ಲಂತೂ ಅದು ಇನ್ನೂ ಹೆಚ್ಚು. ಬರಿಯ ಸಮಾಧಾನದ ಮಾತಿಗಿಂತ, ಒಬ್ಬ ವಾಸ್ತುಶಿಲ್ಪಿಯ ವಿದ್ಯಾರ್ಥಿದೆಸೆಯನ್ನು ಪರಿಶೀಲಿಸುವುದೇ ಲೇಸೆಂದು ನನ್ನ ಎಣಿಕೆ.

ಬಾಲಕೃಷ್ಣ ವಿಠ್ಠಲದಾಸ ದೋಶಿಯವರು 1927ರ ಆಗಸ್ಟ್ 26ರಂದು ಪುಣೆಯ ಗುಜರಾತಿ ಕುಟುಂಬವೊಂದರಲ್ಲಿ ಜನಿಸಿದರು. ಹಸುಳೆತನದಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರು ಅವಿಭಕ್ತ ಕುಟುಂಬದ ಆರೈಕೆಯಲ್ಲಿ ಬೆಳೆದರು. ಮನೆತನದ್ದು ಮರದ ಪೀಠೋಪಕರಣಗಳನ್ನು ತಯಾರಿಸುವ ಕಸುಬು. ಹಲಗೆಯನ್ನು ಅಳೆದು, ಕೊಯ್ದು, ಸಂದಿಲ್ಲದಂತೆ ಕೂಡಿಸುವುದನ್ನು ಕಂಡ ಬಾಲಕನ ಕಣ್ಣಿಗೆ ಅಳತೆಯ ಪಾಠವು ಪುಸ್ತಕಕ್ಕಿಂತ ಮೊದಲೇ ಆಗಿರಬೇಕು. ದೇಶವು ಸ್ವತಂತ್ರವಾದ 1947ರಲ್ಲಿ ಅವರು ನಮ್ಮ ಬೋರಿಬಂದರದ ಸಮೀಪದ ಜೆ. ಜೆ. ವಾಸ್ತುಶಿಲ್ಪ ಶಾಲೆಯನ್ನು ಸೇರಿದರು.

ಅಲ್ಲಿಂದ ಮುಂದೆ ಅವರು ಲಂಡನ್ನಿಗೆ ತೆರಳಿದರು. ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಇನ್‌ಸ್ಟಿಟ್ಯೂಟಿನ ಸದಸ್ಯತ್ವವೇ ಆಗ ಅವರ ಗುರಿ. 1951ರಲ್ಲಿ ಇಂಗ್ಲೆಂಡಿನ ಹಾಡ್ಸ್‌ಡನ್ ಎಂಬಲ್ಲಿ ನಡೆದ ವಾಸ್ತುಶಿಲ್ಪಿಗಳ ಸಮ್ಮೇಳನವು ದಾರಿಯನ್ನೇ ತಿರುಗಿಸಿತು. ಚಂಡೀಗಢದ ನಿರ್ಮಾಣವನ್ನು ವಹಿಸಿಕೊಂಡಿದ್ದ ಲ ಕಾರ್ಬೂಸಿಯೆಯವರ ಪ್ಯಾರಿಸಿನ ಕಾರ್ಯಾಲಯಕ್ಕೆ ತರುಣ ದೋಶಿ ಅರ್ಜಿ ಬರೆದುಕೊಂಡರು. ಫ್ರೆಂಚ್ ಭಾಷೆ ಬಾರದು. ಮೊದಲ ಎಂಟು ತಿಂಗಳು ಸಂಬಳವೂ ಇಲ್ಲ. ಗುರುಶಿಷ್ಯರ ನಡುವೆ ಗೆರೆಗಳೇ ಮಾತಾದುವು. 1954ರಲ್ಲಿ ಗುರುವಿನ ಕಟ್ಟಡಗಳ ಮೇಲ್ವಿಚಾರಣೆಗಾಗಿ ಅವರು ಅಹಮದಾಬಾದಿಗೆ ಮರಳಿದರು.

ಇದನ್ನು ಕೇಳಿ, ಭಾಷೆಯೂ ಪರೀಕ್ಷೆಯೂ ಅನಾವಶ್ಯಕವೆಂದು ಕುಣಿಯುವ ಜಾಣರೂ ಉಂಟು. ಆ ವಾದವನ್ನು ನಾನೊಪ್ಪೆ. ಕೈ ಪಳಗಿರದಿದ್ದರೆ ಆ ಕಾರ್ಯಾಲಯದಲ್ಲಿ ಮೂಕನಾಗಿ ಎಂಟು ದಿನವೂ ನಿಲ್ಲಲಾಗುತ್ತಿರಲಿಲ್ಲ. ಸಂಬಳವಿಲ್ಲದೆ ದುಡಿಯುವ ಅನುಕೂಲ ಎಲ್ಲರಿಗೂ ಇರದೆಂಬುದೂ ನಿಜವೇ. ಆದರೆ ಕೈಯನ್ನು ಪಳಗಿಸುವ ಕೆಲಸಕ್ಕೆ ನಮ್ಮ ಶಾಲೆಗಳು ಕೊಡುತ್ತಿರುವ ಬೆಲೆಯೇನು? ವಾರ್ಷಿಕ ಪರೀಕ್ಷೆ ಸಮೀಪಿಸಿತೆಂದರೆ ಮೊದಲು ಕತ್ತರಿ ಬೀಳುವುದು ಚಿತ್ರಕಲೆಯ ಅವಧಿಗೆ, ಬಳಿಕ ಕೈಗಾರಿಕೆಯ ಅವಧಿಗೆ. ಆ ಗಂಟೆಗಳನ್ನು ಇಂಗ್ಲಿಷಿಗೋ ಗಣಿತಕ್ಕೋ ಒಪ್ಪಿಸಿ ಮಕ್ಕಳಿಗೆ ಉಪಕಾರ ಮಾಡಿದೆವೆಂದು ಹಿರಿಯರು ತೃಪ್ತಿಪಡುತ್ತಾರೆ. ವಾರಕ್ಕೆರಡು ಅವಧಿಗಳನ್ನಾದರೂ ಯಾರೂ ಮುಟ್ಟದಂತೆ ಕಾಯ್ದಿಡಬೇಕೆಂಬುದು ನನ್ನ ಆಗ್ರಹ.

ದೋಶಿಯವರು 1962ರಲ್ಲಿ ಅಹಮದಾಬಾದಿನಲ್ಲಿ ತಾವೇ ಒಂದು ವಾಸ್ತುಶಿಲ್ಪ ಶಾಲೆಯನ್ನು ಸ್ಥಾಪಿಸಿದರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಕಲ್ಲುಗೋಡೆಯ ನೀಳ ಮೊಗಸಾಲೆಗಳೂ ಅವರ ಕಲ್ಪನೆಯೇ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರವರು. ತಾರುಣ್ಯದಲ್ಲಿ ಯಾವ ಸಂಸ್ಥೆಯ ಸದಸ್ಯತ್ವವನ್ನು ಅರಸಿ ಲಂಡನ್ನಿಗೆ ಹೋಗಿದ್ದರೋ ಅದೇ ಸಂಸ್ಥೆಯು 2022ರಲ್ಲಿ, ಅವರ ನಿಧನಕ್ಕೆ ಒಂದು ವರ್ಷ ಮುಂಚೆ, ತನ್ನ ಸ್ವರ್ಣಪದಕವನ್ನು ಅವರಿಗೆ ಅರ್ಪಿಸಿತು.