ಯಂತ್ರವನ್ನು ದೂಷಿಸುವವರಿಗೆ ಒಂದು ಮಾತು



2020ರ ಆಗಸ್ಟ್ ತಿಂಗಳಲ್ಲಿ ಚಂದನ್ ಶೆಟ್ಟಿಯವರು ‘ಕೋಲುಮಂಡೆ’ ಹಾಡನ್ನು ರ‍್ಯಾಪ್ ಶೈಲಿಯಲ್ಲಿ ಹೊರತಂದಾಗ ನಮ್ಮ ಸೀಮೆಯಲ್ಲಿ ಎದ್ದ ಕೋಲಾಹಲ ನಿಮಗೆ ನೆನಪಿರಬಹುದು. ಶರಣೆ ಸಂಕಮ್ಮನನ್ನು ಅಗೌರವದಿಂದ ಚಿತ್ರಿಸಲಾಗಿದೆಯೆಂದು ಮಾದಪ್ಪನ ಭಕ್ತರು ನೊಂದರು. ಗಾಯಕರು ಕ್ಷಮೆ ಕೋರಿದರು; ವಿಡಿಯೊವನ್ನು ಹಿಂತೆಗೆಯಲಾಯಿತು. ಅಂದಿನಿಂದ ನಮ್ಮ ಹುಲ್ಲಹಳ್ಳಿಯ ಜಗಲಿಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: “ಸಿಂಥಸೈಜರ್ ಬಂದು ಜಾನಪದ ಕೆಟ್ಟಿತು.” ಇದನ್ನು ನಾನು ಒಪ್ಪಲಾರೆ.

ಪಿಟೀಲು ಯುರೋಪಿನ ವಾದ್ಯ. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕಟ್ಟಕಡೆಯ ಶ್ರೋತೃವಿಗೂ ಕೇಳಲೆಂದು ಅದಕ್ಕೆ ಏಳು ತಂತಿ ಬಿಗಿದ ಚೌಡಯ್ಯನವರು ನಮ್ಮ ನೆರೆಯ ತಿರುಮಕೂಡಲಿನವರೇ. ಹಾರ್ಮೋನಿಯಮ್ಮನ್ನು ಆಕಾಶವಾಣಿ 1940ರಲ್ಲಿ ಬಹಿಷ್ಕರಿಸಿತ್ತು. ಇಂದು ಅದಿಲ್ಲದ ಭಜನೆಯುಂಟೆ? ಸಂಗೀತ ಕಚೇರಿಯಲ್ಲಿ ಶ್ರುತಿ ಹಿಡಿಯುವುದೂ ಈಗ ಹೆಚ್ಚಾಗಿ ವಿದ್ಯುತ್ ತಂಬೂರಿಯೇ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರಿನೊಡನೆ ಹಾಡಿದರು. ಶರೀಫರಿಗೇನೂ ಕುಂದುಂಟಾಗಲಿಲ್ಲ, ಅವರ ಹೆಸರನ್ನೇ ಕೇಳಿರದ ಹುಡುಗರ ಬಾಯಲ್ಲಿ ಅವರ ಪದ ನಲಿಯಿತು.

ಹಾಗಾದರೆ ದೋಷವೆಲ್ಲಿದೆ? ಕಥೆಯನ್ನು ಬಿಟ್ಟು ಪಲ್ಲವಿಯನ್ನಷ್ಟೇ ಕಿತ್ತುಕೊಳ್ಳುವುದರಲ್ಲಿದೆ. ದೇವರ ಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ ಸಂಕಮ್ಮ ಯಾರು? ಜೇನಿಗೆ ಹೊರಟ ಗಂಡ ನೀಲೇಗೌಡ ಶೀಲದ ಬಗ್ಗೆ ಭಾಷೆ ಕೊಡೆಂದಾಗ, ಕೊಡಲಾರೆನೆಂದು ನಿಂತವಳು. ಅದಕ್ಕಾಗಿ ಹಿಂಸೆಯುಂಡು, ಗುಡಿಸಲಲ್ಲಿ ಸೆರೆಯಾದವಳು. ಮಾದೇಶ್ವರ ಜಂಗಮನಾಗಿ ಬಂದು ಭಿಕ್ಷೆ ಬೇಡುವುದು ಅವಳ ಬಾಗಿಲಲ್ಲಿ. ಇಷ್ಟನ್ನು ಅರಿತವನು ಯಾವ ಯಂತ್ರ ನುಡಿಸಿದರೂ ಅವಳನ್ನು ಹಗುರಗೊಳಿಸಲಾರ. ಅರಿಯದವನು ಕಂಸಾಳೆಯನ್ನೇ ಹಿಡಿದರೂ ಕೆಡಿಸಬಲ್ಲ.

ಇನ್ನು, ಕೋಪಿಸಿಕೊಂಡ ನಾವೆಷ್ಟು ಸಾಚಾ? ನಮ್ಮಲ್ಲಿ ಎಷ್ಟು ಮಂದಿ ಆ ಕಥೆಯನ್ನು ಬೆಳಗಿನವರೆಗೆ ಕುಳಿತು ಕೇಳಿದ್ದೇವೆ? ನಾನೇ ವರ್ಷಗಟ್ಟಲೆ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿದೆ. ಪಕ್ಕದ ಬೀದಿಯ ಕಂಸಾಳೆಯವರನ್ನು ಒಮ್ಮೆಯೂ ತರಗತಿಗೆ ಕರೆಯಲಿಲ್ಲ. ಈ ತಪ್ಪನ್ನು ಯಾವ ಸಿಂಥಸೈಜರಿನ ತಲೆಗೆ ಕಟ್ಟಲಿ?

ನಿಮ್ಮ ಮಕ್ಕಳು ಕೀಬೋರ್ಡಿನಲ್ಲಿ ಮಾದಪ್ಪನ ಪದ ನುಡಿಸಿದರೆ ಗದರಬೇಡಿ. ಮೊದಲು ಒಂದು ರಾತ್ರಿ ಅವರನ್ನು ಗುಡ್ಡರ ಮುಂದೆ ಕೂರಿಸಿ. ಹಾಡಿದವರ ಹೆಸರನ್ನು ಬರೆದುಕೊಳ್ಳಲು ಹೇಳಿ, ಕೈತುಂಬ ಸಂಭಾವನೆ ಕೊಡಿ. ಆಮೇಲೆ ಬೇಕಾದ ಗುಂಡಿ ಒತ್ತಲಿ.