ಡ್ರೈವರನ ನಿದ್ದೆ ಸರಿ, ಬಸ್ಸಿನ ಬಾಡಿ?

ಬಸ್ಸು ಅಪಘಾತವಾದ ಮರುದಿನ ಪೇಪರಿನಲ್ಲಿ ಒಂದು ಸಾಲು ಖಾಯಂ: ಚಾಲಕನ ನಿರ್ಲಕ್ಷ್ಯವೇ ಕಾರಣ. ಅಲ್ರೀ, ಬಸ್ಸು ಯಾಕೆ ಗುದ್ದಿತು ಅನ್ನೋದು ಒಂದು ಪ್ರಶ್ನೆ. ಗುದ್ದಿದ ಮೇಲೆ ಒಳಗಿದ್ದವರು ಯಾಕೆ ಸತ್ತರು ಅನ್ನೋದು ಬೇರೆಯೇ ಪ್ರಶ್ನೆ. ಎರಡನೆಯದನ್ನು ಕೇಳುವವರೇ ಕಡಿಮೆ.

ನಮ್ಮ ಸಾರವಾಡದವರಿಗೆ ಬೆಂಗಳೂರು ಅಂದರೆ ವಿಜಯಪುರಕ್ಕೆ ಹೋಗಿ ರಾತ್ರಿ ಸ್ಲೀಪರ್ ಹತ್ತೋದು. 2020ರ ಆಗಸ್ಟ್ 12ರ ನಸುಕಿನಲ್ಲಿ, ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಹಿರಿಯೂರು ತಾಲೂಕಿನಲ್ಲಿ ಹೊತ್ತಿ ಉರಿಯಿತು. ಮಕ್ಕಳೂ ಸೇರಿ ಐದು ಜನ ಹೋದರು. 2025ರ ಅಕ್ಟೋಬರ್ 24ರಂದು ಕರ್ನೂಲು ಹತ್ತಿರ ಹೈದರಾಬಾದ್-ಬೆಂಗಳೂರು ಬಸ್ಸಿನಡಿ ಬೈಕೊಂದು ಸಿಕ್ಕಿ ಬೆಂಕಿ ಹತ್ತಿತು, 19 ಪ್ರಯಾಣಿಕರು ಸುಟ್ಟುಹೋದರು. ಸೀಟರ್ ಬಸ್ಸನ್ನೇ ಸ್ಲೀಪರ್ ಮಾಡಿಸಿದ್ದರು ಅಂತ ಆಮೇಲೆ ವರದಿಗಳು ಬಂದವು.

ನಮ್ಮಲ್ಲಿ ಎಷ್ಟೋ ಬಸ್ಸುಗಳಿಗೆ ಕಂಪನಿ ಕೊಡೋದು ಚಾಸಿ ಮಾತ್ರ. ಮೇಲಿನ ಗೂಡು ಕಟ್ಟೋದು ಬೇರೆ ಶೆಡ್ಡಿನಲ್ಲಿ. ಅದಕ್ಕೆ ನಿಯಮ ಇಲ್ಲ ಅಂತೇನಿಲ್ಲ. ಬಸ್ ಬಾಡಿಗೆ ಎಐಎಸ್-052, ಸ್ಲೀಪರಿಗೆ ಎಐಎಸ್-119, ಉರುಳಿದಾಗಿನ ಬಲಕ್ಕೆ ಎಐಎಸ್-031. ಈ ಕೊನೆಯ ಪರೀಕ್ಷೆಯಲ್ಲಿ ಬಸ್ಸನ್ನು 800 ಮಿಲಿಮೀಟರ್ ಎತ್ತರದ ಕಟ್ಟೆಯಿಂದ ಮಗ್ಗುಲಿಗೆ ಕೆಡವುತ್ತಾರೆ. ಕಂಬಗಳು ಬಾಗಬಹುದು, ಆದರೆ ಕೂತವರಿರುವ ಜಾಗಕ್ಕೆ ನುಗ್ಗಬಾರದು. ತೆಳು ಪೈಪು, ಅರೆಬರೆ ವೆಲ್ಡಿಂಗ್ ಇದ್ದರೆ ಚಾವಣಿಯೇ ಕುಸಿದು ಕೂರುತ್ತೆ. ಮಾಲೀಕರು ಇಷ್ಟಕ್ಕೇ ಬಿಡ್ತಾರಾ? ಚಾವಣಿ ಮೇಲೆ ಪಾರ್ಸಲ್, ಬೈಕು ಹೇರ್ತಾರೆ. ಭಾರ ಮೇಲೇರಿದಷ್ಟೂ ಬಸ್ಸು ತಿರುವಿನಲ್ಲಿ ಬೇಗ ಉರುಳುತ್ತೆ. ಒಳಗೆ ಪ್ಲೈವುಡ್, ಫೋಮು, ರೆಕ್ಸಿನ್, ಪರದೆ. ಎಲ್ಲಾ ಸೌದೆ! ಅದರ ಮಧ್ಯೆ ಬಣ್ಣದ ಲೈಟಿಗೂ ಚಾರ್ಜರಿಗೂ ಆಮೇಲೆ ಎಳೆದ ವೈರು.

ನಾನು ಹೋದ ಒಂದು ಬಸ್ಸಿನಲ್ಲಿ ತುರ್ತು ಬಾಗಿಲಿಗೆ ಅಡ್ಡವಾಗಿ ಬರ್ತು ಕೂರಿಸಿದ್ದರು. ಸುತ್ತಿಗೆ ಎಲ್ಲಿ ಅಂತ ಕೇಳಿದೆ. "ಜನಾ ಕಳವು ಮಾಡ್ತಾರ್ರೀ ಸರ್, ಅದಕ್ಕ ತೆಗೆದಿಟ್ಟೀವಿ" ಅಂದ ಕ್ಲೀನರ್!

ಹಾಗಂತ ದೊಡ್ಡ ಕಂಪನಿಯ ಬಸ್ಸು ಹತ್ತಿದರೆ ಸಾಕು ಅನ್ನೋರ ಮಾತನ್ನೂ ನಾನು ಒಪ್ಪಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೊರಟು ಪಾಲೆಂ ಬಳಿ ಮೋರಿಗೆ ಬಡಿದು ಉರಿದದ್ದು ವೋಲ್ವೋ. ಸತ್ತವರು 45. ಎರಡು ವಾರದಲ್ಲಿ ನಮ್ಮ ಹಾವೇರಿ ಹತ್ತಿರ ಇನ್ನೊಂದು ವೋಲ್ವೋ, ಏಳು ಜನ. ಡೀಸೆಲ್ ಟ್ಯಾಂಕು ಎಲ್ಲಿದೆ, ಮುಂದಿನ ಬಾಗಿಲು ಕಟ್ಟಿದರೆ ಜನ ಎಲ್ಲಿಂದ ಇಳೀಬೇಕು, ಇದೂ ಬಾಡಿಯ ಲೆಕ್ಕವೇ.

ಆರ್‌ಟಿಓದವರು ಎಫ್‌ಸಿ ಕೊಡುವಾಗ ಕಾಗದ ಬಿಟ್ಟು ಒಮ್ಮೆ ಮೇಲಿನ ಬರ್ತಿಗೆ ಹತ್ತಿ ಮಲಗಲಿ. ದೀಪ ಆರಿಸಿ, ಅಲ್ಲಿಂದ ಕೆಳಗಿಳಿದು ಹಿಂದಿನ ಬಾಗಿಲಿನಿಂದ ಹೊರಗೆ ಬರಲಿ. ಟಿಕೆಟ್ ಆಪಿನಲ್ಲಿ ವೈಫೈ ಇದೆಯಾ, ಕಂಬಳಿ ಕೊಡ್ತಾರಾ ಅಂತೆಲ್ಲ ಬರೀತಾರೆ. ಬಾಡಿ ಯಾರು ಕಟ್ಟಿದ್ದು, ಆಮೇಲೆ ಏನೇನು ಬದಲಿಸಿದ್ದಾರೆ ಅಂತಾನೂ ಬರೀಲಿ. ನೀವು ಮುಂದಿನ ಸಲ ಹತ್ತಿದಾಗ ಸುತ್ತಿಗೆ ಕಂಡರೆ ನನಗೂ ತಿಳಿಸಿ, ಎಲ್ಲಿ ಇಟ್ಟಿದ್ದರು ಅಂತ.