ದೀಪ ಹಚ್ಚುವ ಮೊದಲೇ ಹೊರಡುವವರು

ಡಿಸೆಂಬರ್ ಹತ್ತಿರ ಬಂತೆಂದರೆ ಪುಣೆಯ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಒಂದು ಎಕ್ಸೆಲ್ ಹಾಳೆ ಓಡಾಡತೊಡಗುತ್ತದೆ. ಕುಂಭಾರ್ಲಿ ಘಾಟಿ ಇಳಿದು ಚಿಪಳೂಣ, ಅಲ್ಲಿಂದ ಗುಹಾಗರ, ತೋಳಕೇಶ್ವರದ ದೀಪಸ್ತಂಭ, ಜಯಗಡದ್ದು, ರತ್ನಾಗಿರಿಯದ್ದು, ದೇವಗಡದ್ದು, ನಡುನಡುವೆ ಏಳೆಂಟು ಬೀಚು. ಎಲ್ಲಕ್ಕೂ ಸೇರಿ ಮೂರು ದಿನ. ಪ್ರತಿ ಹೆಸರಿನ ಎದುರಿಗೂ ಟಿಕ್ ಹಾಕಲು ಒಂದು ಚೌಕ. ಇಂಥ ಹಾಳೆಗಳನ್ನು ನಡೆಸುವುದೇ ನನ್ನ ಕಸುಬು, ಹಾಗಾಗಿ ಟಿಕ್ ಹಾಕುವ ಸುಖ ನನಗೂ ಗೊತ್ತು. ಆದರೂ ಹೇಳುತ್ತೇನೆ: ಈ ಬಗೆಯ ಪ್ರವಾಸದಲ್ಲಿ ನಾವು ಒಂದೇ ಒಂದು ದೀಪಸ್ತಂಭವನ್ನೂ ನೋಡುವುದಿಲ್ಲ. ನೋಡುವುದು ಬಣ್ಣ ಬಳಿದ ಗೋಪುರವನ್ನು ಮಾತ್ರ.

ಸಾಮಾನ್ಯವಾಗಿ ಪ್ರವೇಶದ ಸಮಯ ಮುಗಿಯುವುದು ಕತ್ತಲಾಗುವ ಮುಂಚೆ. ನಾವು ಮೆಟ್ಟಿಲು ಹತ್ತುತ್ತೇವೆ, ಸೂರ್ಯ ಮುಳುಗುವುದನ್ನು ಮೊಬೈಲಿಗೆ ತುಂಬಿಕೊಳ್ಳುತ್ತೇವೆ, ಇಳಿಯುತ್ತೇವೆ, ಮುಂದಿನ ಹೋಟೆಲಿನ ಕಡೆಗೆ ಗಾಡಿ ಬಿಡುತ್ತೇವೆ. ದೀಪಸ್ತಂಭ ತನ್ನ ಕೆಲಸ ಶುರುಮಾಡುವುದೇ ಆಮೇಲೆ.

ಆ ಕೆಲಸ ಸಣ್ಣದಲ್ಲ. ಅಕ್ಕಪಕ್ಕದ ದೀಪಗಳು ಒಂದೇ ತರಹ ಮಿನುಗಿದರೆ ನಾವಿಕನಿಗೆ ತಾನಿರುವುದು ಎಲ್ಲಿ ಎಂದು ತಿಳಿಯದು. ಹಾಗಾಗಿ ಪ್ರತಿ ದೀಪಕ್ಕೂ ಅದರದೇ ಲಯವಿರುತ್ತದೆ: ಎಷ್ಟು ಮಿಂಚು, ಎಷ್ಟು ಸೆಕೆಂಡಿನ ಅಂತರ. ಅದು ನೌಕಾನಕ್ಷೆಯಲ್ಲಿ ದಾಖಲಾಗಿರುತ್ತದೆ. ನಾವಿಕ ಗಡಿಯಾರ ನೋಡಿ ಎಣಿಸುತ್ತಾನೆ, ನಕ್ಷೆ ನೋಡಿ ಊರಿನ ಹೆಸರು ಹೇಳುತ್ತಾನೆ. ಫ್ರಾನ್ಸಿನ ಫ್ರೆನೆಲ್ ರೂಪಿಸಿದ ಮಸೂರ 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಸುತ್ತ ಚದುರಿಹೋಗುವ ಬೆಳಕನ್ನು ಗಾಜಿನ ಬಳೆಗಳಿಂದ ಬಾಗಿಸಿ ಒಂದೇ ಕಿರಣವಾಗಿ ದೂರಕ್ಕೆ ಕಳಿಸುವ ಆ ಉಪಾಯಕ್ಕೆ ಎಷ್ಟು ಜೀವಗಳು ಋಣಿಯೋ! ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ನಾವು ಸೆಲ್ಫಿ ತೆಗೆಯುತ್ತೇವೆ.

ನಮ್ಮ ದೇವಸ್ಥಾನಗಳ ಅಂಗಳದಲ್ಲೂ ದೀಪಸ್ತಂಭಗಳಿವೆ. ಅದರ ಮೇಲೆ ಹತ್ತಿ ಊರು ಎಷ್ಟು ಚೆಂದ ಕಾಣುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದು ಇರುವುದು ದೂರದಿಂದ ಕಾಣಲಿಕ್ಕೆ. ಕಡಲ ದೀಪಸ್ತಂಭವೂ ಹಾಗೆಯೇ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ಸ್ತಂಭ ದಡದಲ್ಲಿರುವ ನಮಗಾಗಿ ಕಟ್ಟಿದ್ದಲ್ಲ, ಕತ್ತಲಲ್ಲಿ ದೋಣಿಯಲ್ಲಿರುವವನಿಗಾಗಿ ಕಟ್ಟಿದ್ದು.

"ಮಾರಾಯ, ಜಿಪಿಎಸ್ ಇರುವಾಗ ಇವೆಲ್ಲ ಮ್ಯೂಸಿಯಂ ಸಾಮಾನು" ಎನ್ನುತ್ತಾನೆ ಉಡುಪಿ ಕಡೆಯ ಗೆಳೆಯ. ಐಟಿಯವರ ಬಾಯಲ್ಲಿ ಈ ಮಾತು ಬರಬಾರದು. ಸುಮಾರು 20,000 ಕಿ.ಮೀ. ಎತ್ತರದ ಉಪಗ್ರಹಗಳಿಂದ ಬರುವ ಆ ಸಂಕೇತ ಬಹಳ ಕ್ಷೀಣ, ಅದನ್ನು ಅಡ್ಡಗಟ್ಟಲೂಬಹುದು, ಸುಳ್ಳು ಸಂಕೇತ ಕಳಿಸಿ ದಾರಿ ತಪ್ಪಿಸಲೂಬಹುದು. ಬ್ಯಾಕಪ್ ಇಲ್ಲದ ಸರ್ವರನ್ನು ನಾವು ಲೈವ್‌ಗೆ ಬಿಡುವುದಿಲ್ಲ. ಸಮುದ್ರದ ಮೇಲಿರುವ ಜೀವಗಳಿಗೆ ಮಾತ್ರ ಬ್ಯಾಕಪ್ ಬೇಡವೇ?

ಸರಕಾರದ ಲೆಕ್ಕವೂ ನಮ್ಮ ಎಕ್ಸೆಲ್ ಹಾಳೆಯ ಲೆಕ್ಕದಂತೆಯೇ ಆಗುತ್ತಿದೆ ಎಂಬುದು ನನ್ನ ಆತಂಕ. 1927ರ ದೀಪಸ್ತಂಭ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯ್ದೆ ಬಂತು. ಪಾರಂಪರಿಕ ದೀಪಸ್ತಂಭಗಳನ್ನು ಶಿಕ್ಷಣ, ಸಂಸ್ಕೃತಿ, ಪ್ರವಾಸಕ್ಕೆ ಬಳಸಲು ಅದರಲ್ಲಿ ಅವಕಾಶವಿದೆ. 2024ರ ಫೆಬ್ರವರಿಯಲ್ಲಿ 75 ದೀಪಸ್ತಂಭಗಳ ಪ್ರವಾಸಿ ಸೌಲಭ್ಯಗಳ ಉದ್ಘಾಟನೆಯೂ ಆಯಿತು. ಆ ಮೂರರಲ್ಲಿ ಪ್ರವಾಸ ಒಂದೇ ಗೆದ್ದು ಶಿಕ್ಷಣ ಸೋತರೆ ನಮಗೆ ಸಿಗುವುದು ಜಾರುಬಂಡೆ ಮತ್ತು ತಿಂಡಿ ಅಂಗಡಿ. ದೀಪ ಹೇಗೆ ಉರಿಯುತ್ತದೆ ಎಂದು ಹೇಳುವವರು ಒಬ್ಬರಾದರೂ ಅಲ್ಲಿರಬೇಡವೇ?

ಇನ್ನು ಬೀಚು. "ಯಾರೂ ನೋಡಿರದ ಜಾಗ" ಎಂದು ನಾವು ಫೋಟೋ ಹಾಕುವ ಮರಳಿನ ಮೇಲೆ ಯಾರೋ ಮೀನು ಒಣಗಿಸುತ್ತಿರುತ್ತಾರೆ, ಬಲೆ ಹೆಣೆಯುತ್ತಿರುತ್ತಾರೆ. ನಾವು ನೋಡಿಲ್ಲ ಎಂದರೆ ಯಾರೂ ನೋಡಿಲ್ಲ ಎಂದು ಅರ್ಥವೇ? ಅದೇ ಮರಳಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಕೊಂಕಣದ ವೇಳಾಸ್ ಊರಿನವರು ಆ ಮೊಟ್ಟೆಗಳನ್ನು ಕಾದು ಮರಿಗಳನ್ನು ಕಡಲಿಗೆ ಬಿಡುವುದನ್ನು ಊರಹಬ್ಬವನ್ನಾಗಿ ಮಾಡಿಕೊಂಡಿದ್ದಾರೆ. ಮೊಟ್ಟೆಯೊಡೆದು ಬಂದ ಮರಿ ಬೆಳಕು ಹೆಚ್ಚಿರುವ ದಿಕ್ಕನ್ನೇ ಕಡಲೆಂದು ನಂಬಿ ತೆವಳುತ್ತದೆ. ಮರಳಿಗೆ ಗಾಡಿ ಇಳಿಸಿ ಹೆಡ್‌ಲೈಟ್ ಹಾಕಿದರೆ ಅದು ದಡದ ಕಡೆಗೇ ತಿರುಗುತ್ತದೆ. ಚಕ್ರದ ಗುಂಡಿಗೆ ಬಿದ್ದರೆ ಮೇಲೇಳಲಾರದು. ಒಂದು ದೀಪ ದಾರಿ ತೋರಿಸಲೆಂದು ಬಂಡೆಯ ಮೇಲೆ ನಿಂತಿದೆ, ಅದರ ಬುಡದಲ್ಲೇ ನಮ್ಮ ದೀಪ ದಾರಿ ತಪ್ಪಿಸುತ್ತದೆ.

"ನಾವು ಹೋದರೆ ತಾನೇ ಅಲ್ಲಿಯವರ ಹೊಟ್ಟೆ ತುಂಬುವುದು?" ಎಂಬ ವಾದವೂ ಇದೆ. ಅರ್ಧ ನಿಜ. ಪುಣೆಯಿಂದಲೇ ನೀರಿನ ಬಾಟಲಿ, ಚಿಪ್ಸು ತುಂಬಿಕೊಂಡು ಹೋಗಿ ಇಪ್ಪತ್ತು ನಿಮಿಷ ನಿಂತು ಹೊರಟವನಿಂದ ಊರಿಗೆ ಉಳಿಯುವುದು ಖಾಲಿ ಬಾಟಲಿ. ರಾತ್ರಿ ಅಲ್ಲೇ ಯಾರದೋ ಮನೆಯಲ್ಲಿ ತಂಗಿ, ಖಾನಾವಳಿಯಲ್ಲಿ ಮೀನಿನ ಊಟ ಮಾಡಿ, ಸೋಲ್‌ಕಢಿ ಕುಡಿದವನಿಂದ ಹಣ ಉಳಿಯುತ್ತದೆ. ದೀಪಸ್ತಂಭವಂತೂ ನಮ್ಮ ಟಿಕೆಟ್ಟಿನಿಂದ ಬದುಕಿಲ್ಲ. ಬಂದರಿಗೆ ಬಂದುಹೋಗುವ ಹಡಗುಗಳು ಅದಕ್ಕೆಂದೇ ಶುಲ್ಕ ಕಟ್ಟುತ್ತವೆ.

ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಪ್ರವಾಸಕ್ಕೆ ಒಂದೇ ದೀಪಸ್ತಂಭ ಸಾಕು. ಗಾಡಿ ಡಾಂಬರಿನ ಮೇಲೆಯೇ ನಿಲ್ಲಲಿ. ಗೋಪುರ ಹತ್ತಿದಾಗ ಅಲ್ಲಿನ ಸಿಬ್ಬಂದಿಯನ್ನು ಒಂದು ಪ್ರಶ್ನೆಯಾದರೂ ಕೇಳಿ. ಕತ್ತಲಾದ ಮೇಲೆ ಬಂಡೆಯಿಂದ ದೂರದಲ್ಲಿ, ಮೊಬೈಲು ಜೇಬಿಗೆ ಹಾಕಿ ಕೂತು, ಎರಡು ಮಿಂಚುಗಳ ನಡುವೆ ಎಷ್ಟು ಸೆಕೆಂಡು ಎಂದು ಎಣಿಸಿ. ಅದೇ ಹೊತ್ತಿಗೆ ಆಚೆ ನೀರಿನ ಮೇಲೆ ಇನ್ನೊಬ್ಬನೂ ಎಣಿಸುತ್ತಿರುತ್ತಾನೆ. ಅವನಿಗೆ ಅದು ಮನೆಗೆ ಬರುವ ದಾರಿ.